ಮದುಮಗಳಿಗೆ ಎಷ್ಟು ತಿಂಗಳು ಬೇಕು?

ಲಗ್ನಪತ್ರಿಕೆ ಬರೆಸಿದ ಮರುದಿನವೇ ಹಿಂದೆ ಮೂರು ಕಡೆ ಅಡ್ವಾನ್ಸ್ ಕೊಡಬೇಕಿತ್ತು: ಛತ್ರಕ್ಕೆ, ಅಡುಗೆಯವರಿಗೆ, ವಾಲಗದವರಿಗೆ. ಆಮೇಲೆ ಫೋಟೊ, ವಿಡಿಯೊದವರು ಸೇರಿಕೊಂಡರು. ಈಗ ಮೇಕಪ್‌ನವರೂ ಸೇರಿದ್ದಾರೆ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಉಳಿದ ತಿಂಗಳುಗಳಲ್ಲೂ ಒಳ್ಳೆಯ ಮುಹೂರ್ತಗಳು ಒಂದೇ ವಾರದಲ್ಲಿ ಒತ್ತಿಕೊಂಡು ಬರುತ್ತವೆ. ವೈಶಾಖದ ಒಂದು ಭಾನುವಾರಕ್ಕೆ ಛತ್ರ ಸಿಕ್ಕಿದರೂ ಮನಸ್ಸಿಗೆ ಬಂದ ಮೇಕಪ್‌ನವರು ಸಿಗಲಿಲ್ಲ ಎಂಬ ಮಾತು ಬೆಂಗಳೂರಿನಲ್ಲಷ್ಟೇ ಅಲ್ಲ, ಹಾಸನ, ದಾವಣಗೆರೆಗಳಲ್ಲೂ ಕೇಳಿಬರುತ್ತದೆ. ಮುಂಗಡ ತಯಾರಿ ಶುರುವಾಗುವುದು ಈ ತಾರೀಖಿನ ಪೈಪೋಟಿಯಿಂದ. ಅಲ್ಲಿಂದ ಅದು ಹುಡುಗಿಯ ಚರ್ಮ, ಕೂದಲು, ತೂಕ, ಕೊನೆಗೆ ಬಣ್ಣದವರೆಗೂ ಹೋಗುತ್ತದೆ.

ನಮ್ಮಕ್ಕನ ಮಗಳ ಮದುವೆ ಗೊತ್ತಾದಾಗ ಅವಳು ಚರ್ಮದ ಡಾಕ್ಟರಿಂದ ಹಿಡಿದು ಮೆಹೆಂದಿಯವರೆಗೆ ತಿಂಗಳವಾರು ಒಂದು ಪಟ್ಟಿ ಮಾಡಿಕೊಂಡಿದ್ದಳು. ಅವಳ ಅಜ್ಜಿ ಅದನ್ನು ಓದಿಸಿ ಕೇಳಿದರು. ‘ಅಷ್ಟೆಲ್ಲ ಯಾಕೆ ಪುಟ್ಟಿ? ಎರಡು ದಿನ ಎಣ್ಣೆ, ಅರಿಶಿನ ಹಚ್ಚಿ ನೀರು ಹಾಕಿದ್ರೆ ಮದುವೆ ಕಳೆ ತಾನಾಗೇ ಬರತ್ತೆ’ ಎಂದರು. ‘ನಿಮ್ಮ ಮದುವೇಲಿ ಮುಖದ ಮುಂದೆ ಹೊತ್ತು ಹೊತ್ತಿಗೂ ಕ್ಯಾಮೆರಾ ಹಿಡೀತಿರ್ಲಿಲ್ಲ ಅಜ್ಜಿ. ಆಮೇಲೆ ನನ್ನ ಮೊಡವೆ ಎರಡು ದಿನದಲ್ಲಿ ಹೋಗಲ್ಲ’ ಎಂದಳು ಅವಳು.

ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ದೇಹಕ್ಕೆ ವಾಸಿಯಾಗಲು ಕಾಲಾವಕಾಶ ಬೇಕಾದ ಕಡೆ ತಿಂಗಳುಗಟ್ಟಲೆ ಮುಂಚೆ ಶುರು ಮಾಡುವುದು ಜಾಣತನ. ಹುಡುಗಿಯನ್ನು ಬೇರೆ ಯಾರನ್ನೋ ಮಾಡುವ ಆಸೆಗೆ ಒಂದು ದಿನ ಕೊಟ್ಟರೂ ಹೆಚ್ಚಾಯಿತು. ಆದರೆ ಈ ಎರಡರ ನಡುವಿನ ಗೆರೆ ಮದುವೆ ಮನೆಯ ಗಡಿಬಿಡಿಯಲ್ಲಿ ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಮೊದಲು ಹುಡುಗಿಯ ಪಕ್ಷ. ಚರ್ಮಕ್ಕೆ ಅದರದೇ ಪಂಚಾಂಗವಿದೆ. ಮೇಲ್ಪದರ ಸವೆದು ಹೊಸದಾಗಿ ಬರಲು ಸುಮಾರು ನಾಲ್ಕು ವಾರ ಬೇಕು. ಮೊಡವೆಗೆ ಕೊಡುವ ಔಷಧ ಕೆಲಸ ಮಾಡಿದೆಯೋ ಇಲ್ಲವೋ ಎಂದು ಹೇಳಲು 8ರಿಂದ 12 ವಾರ ಹಿಡಿಯುತ್ತದೆ. ಕೆಲವು ಔಷಧಗಳಲ್ಲಿ ಮೊದಲ ಕೆಲವು ವಾರ ಮೊಡವೆ ಹೆಚ್ಚಾದಂತೆಯೇ ಕಾಣುತ್ತದೆ. ಮದುವೆಗೆ ಇಪ್ಪತ್ತು ದಿನವಿದ್ದಾಗ ಡಾಕ್ಟರ ಹತ್ತಿರ ಓಡಿದವಳು ಆ ಕೆಟ್ಟ ವಾರಗಳನ್ನೇ ಹೊತ್ತುಕೊಂಡು ಮಂಟಪಕ್ಕೆ ಬರುತ್ತಾಳೆ. ಲೇಸರ್‌ನಿಂದ ಕೂದಲು ತೆಗೆಸುವವರಿಗೆ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಐದಾರು ಬಾರಿಯಾದರೂ ಹೋಗಬೇಕಾಗುತ್ತದೆ. ಆರು ತಿಂಗಳು ಎನ್ನುವುದು ಇಲ್ಲಿ ಆಡಂಬರದ ಮಾತಲ್ಲ, ಕೂದಲು ಬೆಳೆಯುವ ಕ್ರಮವೇ ಹಾಗೆ. ಮದರಂಗಿಗೂ ಲೆಕ್ಕವಿದೆ. ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಚರ್ಮಕ್ಕೆ ಹಿಡಿದ ಮೇಲೆ ಮೊದಲು ಕಿತ್ತಳೆಯಾಗಿ ಕಂಡು, ಒಂದೆರಡು ದಿನದಲ್ಲಿ ಕಡುಗೆಂಪಿಗೆ ತಿರುಗುತ್ತದೆ. ಎರಡು ದಿನ ಮುಂಚೆ ಹಾಕಿಸಿದರೆ ಧಾರೆಯ ಹೊತ್ತಿಗೆ ಚೆನ್ನಾಗಿ ಕೂತಿರುತ್ತದೆ. ಹಿಂದಿನ ರಾತ್ರಿ ಅವಸರದಲ್ಲಿ ಹಾಕಿಸಿಕೊಳ್ಳುವವರೇ ‘ತಕ್ಷಣ ಕಪ್ಪು’ ಎನ್ನುವ ಕೋನ್ ಹುಡುಕುವುದು. ಅದರಲ್ಲಿ ಕೂದಲಿಗೆ ಹಚ್ಚುವ ಪಿಪಿಡಿ ಎಂಬ ಬಣ್ಣ ಸೇರಿಸಿದ್ದರೆ, ಒಗ್ಗದವರ ಕೈ ಬೊಬ್ಬೆ ಏಳುತ್ತದೆ. ಒಮ್ಮೆ ಹಾಗಾದವರಿಗೆ ಮುಂದೆ ಹೇರ್ ಡೈ ಹಚ್ಚಿದಾಗಲೂ ಅದೇ ತೊಂದರೆ ಮರುಕಳಿಸಬಹುದು.

ಮದುವೆಯ ದಿನ ಹುಡುಗಿಯಿಂದ ಏನೇನು ಬೇಡುತ್ತದೆ ಎನ್ನುವುದನ್ನೂ ನೋಡಬೇಕು. ಬೆಂಗಳೂರು, ಮೈಸೂರು ಕಡೆಯ ರೂಢಿಯಲ್ಲಿ ಹಿಂದಿನ ಸಂಜೆಯೇ ಆರತಕ್ಷತೆ. ಎಲ್‌ಇಡಿ ದೀಪಗಳ ಕೆಳಗೆ ಮೂರು ನಾಲ್ಕು ಗಂಟೆ ನಿಂತು, ಮೇಕಪ್ ತೆಗೆದು ಮಲಗುವ ಹೊತ್ತಿಗೆ ನಡುರಾತ್ರಿ. ಮುಹೂರ್ತ ಬೆಳಗಿನ ಜಾವದ್ದಾದರೆ ಮೂರು ಗಂಟೆಗೇ ಎದ್ದು ಎಣ್ಣೆಸ್ನಾನ, ಜಡೆ, ಸೀರೆ. ಅಂತರಪಟ ಸರಿದೊಡನೆ ತಲೆಯ ಮೇಲೆ ಜೀರಿಗೆ ಬೆಲ್ಲ ಬೀಳುತ್ತದೆ. ಆಮೇಲೆ ನೂರಾರು ಜನರ ಅಕ್ಷತೆ, ಹೋಮದ ಹೊಗೆ, ಕಣ್ಣೀರು, ಬೆವರು. ಬೆಲ್ಲದ ಚೂರು ಕೂದಲಲ್ಲಿ ಕರಗಿ ಅಂಟಿಕೊಂಡಿರುತ್ತದೆ, ಅಕ್ಕಿಕಾಳು ಕತ್ತಿನ ಬೆವರಿಗೆ ಮೆತ್ತಿಕೊಂಡಿರುತ್ತದೆ; ಆ ಸ್ಥಿತಿಯಲ್ಲೇ ಊಟದ ಎಲೆಯ ಮುಂದೆ ಕೂತು ಫೋಟೊಗೆ ನಗಬೇಕು. ಇಷ್ಟು ಹೊತ್ತು ನಿಲ್ಲುವ ಮೇಕಪ್ಪನ್ನು ಮೊದಲೇ ಒಮ್ಮೆ ಹಾಕಿಸಿ ನೋಡುವುದಕ್ಕೆ ಈಗ ಎಲ್ಲರೂ ಟ್ರಯಲ್ ಎನ್ನುತ್ತಾರೆ. ದುಡ್ಡು ದಂಡ ಎನ್ನುವ ಹಿರಿಯರಿದ್ದಾರೆ. ನಾನು ಒಪ್ಪುವುದಿಲ್ಲ.

ಒಂದು ಟ್ರಯಲ್ ನಾನು ಹತ್ತಿರದಿಂದ ನೋಡಿದ್ದೇನೆ. ಮೇಕಪ್ ಮಾಡುವ ಹೆಂಗಸು ಫೌಂಡೇಶನ್ನನ್ನು ಮೊದಲು ಕೈಗೆ ಹಚ್ಚಲಿಲ್ಲ. ದವಡೆಯ ಅಂಚಿನಿಂದ ಕತ್ತಿನವರೆಗೆ ಮೂರು ಗೆರೆ ಎಳೆದು, ಹುಡುಗಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಯಾವ ಗೆರೆ ಕಾಣದೆ ಹೋಯಿತೋ ಅದೇ ಅವಳ ಬಣ್ಣ ಎಂದರು. ಮೇಕಪ್ ಮುಗಿದ ಮೇಲೆ ಕೋಣೆಯ ದೀಪ ಆರಿಸಿ ಮೊಬೈಲ್ ಫ್ಲಾಶ್‌ನಲ್ಲಿ ಫೋಟೊ ತೆಗೆದರು. ಮೂಗು, ಕೆನ್ನೆ ಸುಣ್ಣ ಬಳಿದಂತೆ ಬೆಳ್ಳಗೆ ಬಂದಿತ್ತು. ಸನ್‌ಸ್ಕ್ರೀನ್‌ನಲ್ಲೂ ಕೆಲವು ಪೌಡರ್‌ಗಳಲ್ಲೂ ಇರುವ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಫ್ಲಾಶ್ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಹೀಗಾಗುತ್ತದೆ. ಪೌಡರ್ ಬದಲಿಸಿದರು, ಸರಿಹೋಯಿತು. ಇದು ಗೊತ್ತಾಗಬೇಕಾದದ್ದು ಟ್ರಯಲ್ ದಿನ. ಆಲ್ಬಂ ಕೈಗೆ ಬಂದ ಮೇಲೆ ಗೊತ್ತಾದರೆ ಏನೂ ಮಾಡುವಂತಿಲ್ಲ. ಈ ಹೆಂಗಸರ ಕಸುಬಿನ ಬಗ್ಗೆ ಒಂದು ಮಾತು. ತಾಲ್ಲೂಕು ಕೇಂದ್ರಗಳಲ್ಲಿ ಹೆಂಗಸರು ಸ್ವಂತ ಕಾಲ ಮೇಲೆ ನಿಂತು ನಡೆಸುವ ಉದ್ಯೋಗಗಳಲ್ಲಿ ಬ್ಯೂಟಿ ಪಾರ್ಲರ್ ದೊಡ್ಡದು. ಮದುವೆಯ ಸೀಸನ್ ಅವರ ವರ್ಷದ ಗಳಿಕೆ. ಮುಂಗಡವಾಗಿ ಗೊತ್ತು ಮಾಡಿದರೆ ಅವರಿಗೂ ನೆಮ್ಮದಿ, ಕೊನೇ ಗಳಿಗೆಯ ಚೌಕಾಸಿಯೂ ತಪ್ಪುತ್ತದೆ.

ಈಗ ಅಜ್ಜಿಯ ಪಕ್ಷ. ಅವರ ಮಾತಿನ ಹಿಂದಿರುವುದು ಅನುಭವ. ಅರಿಶಿನ ಹಚ್ಚುವುದು, ಉತ್ತರ ಕರ್ನಾಟಕದಲ್ಲಿ ಸುರಗಿ ಸುತ್ತಿ ನೀರು ಹಾಕುವುದು, ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳ ರೋಸ್ ಶಾಸ್ತ್ರದಲ್ಲಿ ತೆಂಗಿನಹಾಲು ಎರೆಯುವುದು, ಇವೆಲ್ಲದರಲ್ಲಿ ಹುಡುಗಿಯ ಮೈ ಮುಟ್ಟುವವರು ಅವಳ ಸೋದರತ್ತೆ, ಚಿಕ್ಕಮ್ಮ, ಅಕ್ಕಪಕ್ಕದ ಮುತ್ತೈದೆಯರು. ಅಲ್ಲಿ ಅವಳನ್ನು ಯಾರೂ ತಿದ್ದುವುದಿಲ್ಲ, ಅಲಂಕರಿಸುತ್ತಾರೆ. ಹಾಡು ಹೇಳುತ್ತಾರೆ, ಕೆನ್ನೆಗೆ ಹಚ್ಚಿ ತಾವೂ ಹಚ್ಚಿಕೊಳ್ಳುತ್ತಾರೆ. ತಿಂಗಳುಗಟ್ಟಲೆಯ ಪ್ಯಾಕೇಜ್‌ನಲ್ಲಿ ಇದು ತಿರುಗುಮುರುಗಾಗುತ್ತದೆ: ಮೊದಲ ದಿನವೇ ಒಬ್ಬರು ಕನ್ನಡಿ ಹಿಡಿದು ಏನೇನು ಸರಿಯಿಲ್ಲ ಎಂದು ಪಟ್ಟಿ ಮಾಡುತ್ತಾರೆ. ಕಣ್ಣ ಕೆಳಗೆ ಕಪ್ಪು, ಗಲ್ಲದ ಮೇಲೆ ಕೂದಲು, ತೋಳು ದಪ್ಪ. ಅಲ್ಲಿಯವರೆಗೆ ಅವಳಿಗೆ ಹೊಳೆಯದೇ ಇದ್ದ ಕೊರತೆಗಳು ಆಮೇಲೆ ಅವಳ ನಿದ್ದೆ ಕೆಡಿಸುತ್ತವೆ. ಮದುವೆ ಒಪ್ಪಿ ಖುಷಿಯಾಗಿದ್ದ ಹುಡುಗಿಯೊಬ್ಬಳು ಆರು ತಿಂಗಳು ತನ್ನ ಮುಖದ ಮೇಲೆ ತಾನೇ ಕಾವಲು ಕೂರುವುದನ್ನು ನೋಡಿದಾಗ ಅಜ್ಜಿಯ ‘ಅಷ್ಟೆಲ್ಲ ಯಾಕೆ’ ನನಗೆ ಬಹಳ ದೊಡ್ಡ ಪ್ರಶ್ನೆಯಾಗಿ ಕೇಳುತ್ತದೆ. ಮದುಮಗನಿಗೆ ಕ್ಷೌರ, ಒಂದು ಫೇಶಿಯಲ್ ಸಾಕು ಎನ್ನುವ ಮನೆಗಳಲ್ಲೇ ಇದು ನಡೆಯುತ್ತದೆ.

ಹಾನಿ ಮನಸ್ಸಿಗಷ್ಟೇ ಅಲ್ಲ. ಮದುವೆಗೆ ಮೂರು ತಿಂಗಳಿದೆ ಎಂದು ಅನ್ನ ಬಿಟ್ಟು ಬರೀ ಜ್ಯೂಸ್ ಕುಡಿದು ತೂಕ ಇಳಿಸುವವರನ್ನು ತೆಗೆದುಕೊಳ್ಳಿ. ದೇಹ ಹೀಗೆ ಏಕಾಏಕಿ ಸೊರಗಿದಾಗ ಕೂದಲು ಉದುರುವುದು ಕೂಡಲೇ ಅಲ್ಲ. ಎರಡು ಮೂರು ತಿಂಗಳಾದ ಮೇಲೆ. ಲೆಕ್ಕ ಹಾಕಿದರೆ ಸರಿಯಾಗಿ ಮೊಗ್ಗಿನ ಜಡೆ ಕಟ್ಟುವ ವಾರಕ್ಕೆ ಬಾಚಣಿಗೆ ತುಂಬ ಕೂದಲು ಬರುತ್ತದೆ. ಅಳತೆ ಕೊಟ್ಟು ಹೊಲಿಸಿದ ಆರಿ ವರ್ಕ್ ರವಿಕೆಯೂ ಆ ಹೊತ್ತಿಗೆ ಭುಜದಿಂದ ಜಾರುತ್ತಿರುತ್ತದೆ.

ಬಿಳುಪಿನ ಕ್ರೀಮ್‌ಗಳದ್ದು ಇನ್ನೂ ಕಷ್ಟದ ಕಥೆ. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಜತೆಗೊಂದು ಸ್ಟೀರಾಯ್ಡ್ ಬೆರೆತ ಟ್ಯೂಬ್‌ಗಳು ಬಂಗಿನ ಚಿಕಿತ್ಸೆಗೆಂದು, ವೈದ್ಯರ ಕಣ್ಣಳತೆಯಲ್ಲಿ, ಕೆಲವು ವಾರ ಬಳಸಲು ಇರುವಂಥವು. ‘ಮುಖ ತಿಳಿಯಾಗತ್ತೆ’ ಎಂದು ಒಬ್ಬರಿಂದೊಬ್ಬರಿಗೆ ಹೇಳಿಕೆ ಹಬ್ಬಿ, ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಹಚ್ಚುತ್ತಾರೆ. ಮೊದಮೊದಲು ಮುಖ ಹೊಳೆಯುವುದೂ ನಿಜ. ನಿಲ್ಲಿಸಿದ ಕೂಡಲೇ ಉರಿ, ಕೆಂಪು, ಮೊಡವೆ. ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮುಖದ ಮೇಲೆ ಕೂದಲು ಬರುತ್ತದೆ. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಪಾದರಸ ಬೆರೆತ ಕ್ರೀಮ್‌ಗಳದ್ದು ಮೂತ್ರಪಿಂಡಕ್ಕೇ ಸಂಚಕಾರ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ತೊಂದರೆಯಿಂದ ಬಂದ ಕೆಲವರಲ್ಲಿ ವೈದ್ಯರು ಇದರ ನಂಟನ್ನು ಗುರುತಿಸಿದರು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು. ಆದರೆ ಹೆಣ್ಣು ನೋಡಲು ಬಂದವರ ಪಿಸುಮಾತಿನಲ್ಲಿ ‘ಹುಡುಗಿ ಬಣ್ಣ ಸ್ವಲ್ಪ ಕಮ್ಮಿ’ ಎನ್ನುವುದು ಇನ್ನೂ ನಿಂತಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ. ಒಪ್ಪಿಗೆಯಾಗಿ, ತಾಂಬೂಲ ಬದಲಾಯಿಸಿಕೊಂಡ ಮೇಲೂ ಒಬ್ಬ ಹುಡುಗಿ ತನ್ನ ಬಣ್ಣಕ್ಕೆ ಕ್ಷಮೆ ಕೇಳುವಂತೆ ಕ್ರೀಮ್ ಹಚ್ಚಬೇಕೆಂದರೆ, ತಪ್ಪಿರುವುದು ಅವಳ ಚರ್ಮದಲ್ಲಿ ಅಲ್ಲ.

ಹಾಗೆಂದು ಅಜ್ಜಿಯ ಡಬ್ಬಿಯಲ್ಲಿರುವುದೆಲ್ಲ ನಿರಪಾಯ ಎಂದೂ ಹೇಳಲಾರೆ. ಕೆಂಪಾಗಿ ಊದಿದ ಮೊಡವೆಯ ಮೇಲೆ ಕಡಲೆಹಿಟ್ಟು ತಿಕ್ಕಿದರೆ ಅದು ಒಡೆದು ಕಲೆಯಾಗುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂಥ ಗಾಯವಾಗಿ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಂದಿನ ದಿನ ಬ್ಲೀಚ್ ಮಾಡಿಸಿ ಮರುದಿನ ಅರಿಶಿನ ಹಚ್ಚಿಸಿಕೊಂಡವರ ಮುಖ ಉರಿದು ಕೆಂಪಾಗುವುದೂ ಉಂಟು. ಹಳೆಯದು, ಹೊಸದು ಎರಡನ್ನೂ ಒಂದೇ ವಾರಕ್ಕೆ ತುರುಕಿದಾಗಲೇ ಇಂಥವು ಹೆಚ್ಚು. ಅಜ್ಜಿಯ ಕಾಲದಲ್ಲಿ ಕ್ಯಾಮೆರಾ ಇದ್ದರೂ ಛಾಯಾಚಿತ್ರ ಕಪ್ಪುಬಿಳುಪಿನದು, ಮೊಡವೆಗೆ ಔಷಧವೂ ಕೈಗೆಟುಕುತ್ತಿರಲಿಲ್ಲ. ಕಲೆ ಉಳಿದವರು ಸುಮ್ಮನೆ ಸಹಿಸಿಕೊಂಡರು. ಆ ಸಹನೆಯನ್ನೇ ಸಹಜ ಸೌಂದರ್ಯ ಎಂದು ನಾವು ಹೊಗಳಬಾರದು.

ಡಾಕ್ಟರ ಹತ್ತಿರ ಹೋಗುವವರಿಗೂ ಒಂದು ಎಚ್ಚರಿಕೆ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ. ನುಂಗುವಷ್ಟು ದಿನ, ನಿಲ್ಲಿಸಿದ ಮೇಲೆ ಕನಿಷ್ಠ ಒಂದು ತಿಂಗಳು ಗರ್ಭ ನಿಲ್ಲಬಾರದು. ಆ ಮಾತ್ರೆಯ ಕಾಲದಲ್ಲಿ ವ್ಯಾಕ್ಸಿಂಗ್ ಮಾಡಿಸಿದರೆ ಚರ್ಮವೇ ಸುಲಿದು ಬರಬಹುದು. ಮದುವೆಯ ತಾರೀಖನ್ನು ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳಬೇಕು. ಸಂಕೋಚದಿಂದ ಮುಚ್ಚಿಡುವವರು ಬಹಳ.

ಖರ್ಚಿನ ವಿಷಯ ಉಳಿಯಿತು. ಮದುಮಗಳ ಮೇಕಪ್ಪಿನ ದರ ಊರು, ಹೆಸರು ನೋಡಿಕೊಂಡು ಕೆಲವು ಸಾವಿರದಿಂದ ಲಕ್ಷದವರೆಗೂ ಇದೆ. ಸಂಪಾದಿಸುವ ಹುಡುಗಿ ತನ್ನ ದುಡ್ಡಿನಲ್ಲಿ, ತನ್ನ ಖುಷಿಗೆ ಮಾಡಿಸಿಕೊಂಡರೆ ಅದನ್ನು ದುಂದು ಎನ್ನಲು ನನಗೆ ಮನಸ್ಸು ಬಾರದು. ಅದೇ ಮನೆಯ ಗಂಡುಮಗ ಬೈಕು ಕೊಂಡರೆ ನಾವು ಲೆಕ್ಕ ಕೇಳುವುದಿಲ್ಲ. ಆದರೆ ಬೀಗರ ಕಡೆಯವರ ಮುಂದೆ ಕಮ್ಮಿಯಾಗಬಾರದೆಂದು ಅಪ್ಪ ಕೈಸಾಲ ಮಾಡುವುದು ಬೇರೆ ಮಾತು. ಹುಡುಗಿ ಕೇಳಿದ್ದೋ, ಅವಳಿಂದ ಕೇಳಿಸಿದ್ದೋ ಎನ್ನುವುದನ್ನು ಮನೆಯವರು ಅವಳೊಬ್ಬಳನ್ನೇ ಕೂರಿಸಿಕೊಂಡು ವಿಚಾರಿಸಬೇಕು.

ನಮ್ಮಲ್ಲಿ ನಿಶ್ಚಿತಾರ್ಥಕ್ಕೂ ಮದುವೆಗೂ ಎಷ್ಟೋ ಸಲ ಆರು ತಿಂಗಳೇ ಇರುವುದಿಲ್ಲ. ವಿದೇಶದಿಂದ ರಜೆ ಹಾಕಿ ಬರುವವರಿಗೆ ಹದಿನೈದು ದಿನ ಸಿಕ್ಕರೆ ಹೆಚ್ಚು. ಹಾಗಿದ್ದಾಗ ಹೊಸದು ಯಾವುದನ್ನೂ ಮುಖಕ್ಕೆ ತರಬಾರದು: ಹೊಸ ಕ್ರೀಮ್ ಬೇಡ, ಪೀಲ್ ಬೇಡ, ಒಗ್ಗುತ್ತದೋ ಇಲ್ಲವೋ ನೋಡದೆ ಕೂದಲಿಗೆ ಬಣ್ಣ ಬೇಡ. ಫೇಶಿಯಲ್ ಅಭ್ಯಾಸವಿದ್ದವರು ಒಂದು ವಾರ ಮುಂಚೆ ಮಾಡಿಸಲಿ, ಹುಬ್ಬು ತಿದ್ದಿಸುವುದು ಎರಡು ಮೂರು ದಿನ ಮುಂಚೆ ಆಗಲಿ. ಟ್ರಯಲ್‌ಗೆ ಆರತಕ್ಷತೆಯ ಸೀರೆಯ ಸೆರಗನ್ನೂ ಕೊರಳಿಗೆ ಹಾಕುವ ಒಡವೆಯನ್ನೂ ಒಯ್ಯಬೇಕು. ‘ನನ್ನ ಬಣ್ಣಕ್ಕೇ ಹೊಂದಿಸಿ’ ಎಂದು ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಕೇಳದಿದ್ದರೆ ಒಂದೆರಡು ಛಾಯೆ ತಿಳಿ ಹಚ್ಚುವ ರೂಢಿ ಇನ್ನೂ ಇದೆ, ಕೈಗೂ ಮುಖಕ್ಕೂ ಹೊಂದದೆ ಹೋಗುತ್ತದೆ. ಚಳಿಗಾಲದ ಲಗ್ನವಾದರೆ ಮಲ್ಲಿಗೆ ಕಮ್ಮಿ, ಬೆಲೆ ಏರಿರುತ್ತದೆ. ಮೊಗ್ಗಿನ ಜಡೆ ಬೇಕೆನ್ನುವವರು ಹೂವಿನವರಿಗೆ ಮುಂಚೆಯೇ ಹೇಳಿ, ಸಿಗದಿದ್ದರೆ ಕಾಕಡ ಆದೀತೇ ಎಂದು ಹುಡುಗಿಯನ್ನು ಕೇಳಿಟ್ಟುಕೊಳ್ಳಬೇಕು. ಮೇಕಪ್‌ನವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಬೇಕೆಂದು ಪುರೋಹಿತರ ಜತೆ ಕೂತು ಒಮ್ಮೆ ಲೆಕ್ಕ ಹಾಕಿದರೆ, ಆ ರಾತ್ರಿ ಅವಳಿಗೆ ಇನ್ನೊಂದು ಗಂಟೆ ನಿದ್ದೆ ಸಿಕ್ಕೀತು.