ಸಯನೈಡ್ ದಿಬ್ಬಗಳ ಚಿನ್ನ

ಕೋಲಾರದ ಚಿನ್ನದ ಗಣಿಗಳ ಊರಿಗೆ ಬರುವವರ ಕಣ್ಣಿಗೆ ಮೊದಲು ಬೀಳುವುದು ಗಣಿಯಲ್ಲ, ದಿಬ್ಬ. ಹುಲ್ಲು ಸಹ ಸರಿಯಾಗಿ ಹಿಡಿಯದ ಈ ಬೂದುಬಣ್ಣದ ಗುಡ್ಡಗಳು ಪ್ರಕೃತಿ ಎತ್ತಿದವಲ್ಲ. 2001ರಲ್ಲಿ ಗಣಿಗಳು ಮುಚ್ಚುವವರೆಗೆ, ನೂರಿಪ್ಪತ್ತು ವರ್ಷಗಳ ಕಾಲ, ಕೊನೆಕೊನೆಗೆ ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಿಂದ, ಕಾರ್ಮಿಕರು ಅಗೆದು ತಂದ ಕಲ್ಲಿನ ಪುಡಿಯೇ ಇವಾಗಿವೆ. ಜನರು ಇವುಗಳನ್ನು ಸಯನೈಡ್ ದಿಬ್ಬಗಳೆಂದು ಕರೆಯುತ್ತಾರೆ.

ಹೆಸರಿಗೆ ಕಾರಣವುಂಟು. ಕಲ್ಲನ್ನು ಹಿಟ್ಟಿನಂತೆ ಅರೆದು ಸಯನೈಡಿನ ತೆಳುವಾದ ದ್ರಾವಣದಲ್ಲಿ ಕಲಕಿದರೆ ಚಿನ್ನವು ಅದರಲ್ಲಿ ಕರಗುತ್ತದೆ. ಸತುವಿನ ಪುಡಿಯನ್ನು ಬೆರೆಸಿದಾಗ ಮತ್ತೆ ಬೇರ್ಪಡುತ್ತದೆ. ಮಿಕ್ಕ ಕೆಸರು ದಿಬ್ಬವನ್ನು ಸೇರುತ್ತದೆ. ಆದರೆ ಎಷ್ಟು ನುಣ್ಣಗೆ ಅರೆದರೂ ಕೆಲವು ಕಣಗಳು ಕಲ್ಲಿನೊಳಗೇ ಅಡಗಿ ಉಳಿಯುತ್ತವೆ. ಹದಿಮೂರು ದಿಬ್ಬಗಳಲ್ಲಿರುವ ಸುಮಾರು 3.3 ಕೋಟಿ ಟನ್ ಪುಡಿಯಲ್ಲಿ ಹೀಗೆ ಉಳಿದಿರುವ ಚಿನ್ನವು ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ. ಒಂದು ಉಂಗುರಕ್ಕಾಗಿ ಒಂದು ಲಾರಿ ಮಣ್ಣನ್ನು ತೊಳೆಯಬೇಕು! ಆದರೂ ಚಿನ್ನದ ಬೆಲೆ ಏರಿರುವುದರಿಂದ ಇದು ಲಾಭದ ಕೆಲಸವೆನಿಸಿದೆ. ದಿಬ್ಬಗಳ ಮರುಗಣಿಗಾರಿಕೆಗೆ ರಾಜ್ಯದ ಸಚಿವ ಸಂಪುಟವು 2024ರಲ್ಲಿ ಸಮ್ಮತಿಯಿತ್ತಿತು. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನ ಸುತ್ತ ಇಂತಹ ಕೆಲಸ ಬಹುಕಾಲದಿಂದ ನಡೆದಿದೆ.

ಚಿನ್ನವನ್ನು ತೆಗೆಯುವುದು ತಪ್ಪಲ್ಲ. ಆದರೆ ಗ್ರಾಮಿನಷ್ಟು ಚಿನ್ನ ಹೋದ ಮೇಲೂ ಟನ್ನು ಟನ್ನಾಗಿಯೇ ಉಳಿಯುತ್ತದೆಂಬುದನ್ನು ಮರೆಯಲಾಗದು. ಸಯನೈಡು ಬಿಸಿಲಿಗೂ ಗಾಳಿಗೂ ಕ್ರಮೇಣ ವಿಘಟನೆಯಾಗುತ್ತದೆ. ಧೂಳಿಗೆ ಆ ಗುಣವಿಲ್ಲ. ಗಾಳಿ ಬೀಸಿದಾಗ ಅದು ಅಡುಗೆಮನೆಗೂ ತೊಟ್ಟಿಲಿಗೂ ನುಗ್ಗುತ್ತದೆ. ಸಿಲಿಕದ ಆ ಸೂಕ್ಷ್ಮ ಕಣಗಳು ಶ್ವಾಸಕೋಶವನ್ನು ಕೆಡಿಸುತ್ತವೆ. ಹೊಸದಾಗಿ ಅರೆದರೆ ಪುಡಿ ಇನ್ನಷ್ಟು ನುಣುಪಾಗುವುದೇ ಹೊರತು ಮಾಯವಾಗದು. ಕೆಸರನ್ನು ಕಟ್ಟೆ ಹಾಕಿ ನಿಲ್ಲಿಸಿದರೆ ಸಾಲದು. 1994ರಲ್ಲಿ ದಕ್ಷಿಣ ಆಫ್ರಿಕದ ಮೆರೀಸ್‌ಪ್ರುಯ್ಟ್‌ನಲ್ಲಿ ಅಂತಹ ಕಟ್ಟೆಯೊಡೆದು ಹದಿನೇಳು ಜನ ಸತ್ತರು.

ಆದುದರಿಂದ ಕೆಸರು ಕೊನೆಗೆ ಎಲ್ಲಿ ನೆಲೆಗೊಳ್ಳಬೇಕು, ಅದರ ಮೇಲೆ ಮಣ್ಣು ಹೊದಿಸಿ ಗಿಡ ಬೆಳೆಸುವವರು ಯಾರು ಎಂಬುದು ಮೊದಲ ಬುಟ್ಟಿ ಮಣ್ಣನ್ನು ಎತ್ತುವ ಮುನ್ನವೇ ತೀರ್ಮಾನವಾಗಬೇಕು. ಅದಕ್ಕೆ ತಗಲುವ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುವುದೇ ಲೇಸು. ನೀರಿನ ಪ್ರಶ್ನೆ ಇನ್ನೂ ಕಠಿಣವಾದುದು. ಬತ್ತದ ಹೊಳೆಯೊಂದೂ ಇಲ್ಲದ ಜಿಲ್ಲೆಯಲ್ಲಿ ಕೋಟಿಗಟ್ಟಲೆ ಟನ್ ಮಣ್ಣನ್ನು ತೊಳೆಯುವ ನೀರು ಯಾರ ಪಾಲಿನದು? ಇನ್ನು ಕೂಲಿಯ ಮಾತು. ಗಣಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಇಂದು ನಸುಕಿನಲ್ಲೇ ಎದ್ದು ಮಾರಿಕುಪ್ಪದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರ ಹಿರಿಯರು ಹೊತ್ತು ತಂದ ಕಲ್ಲಿನಲ್ಲಿ ಮತ್ತೆ ಕೆಲಸ ಹುಟ್ಟುವುದಾದರೆ ಅವರಿಗೆ ಎಷ್ಟು ಪಾಲೆಂಬುದನ್ನೂ ಕರಾರಿನಲ್ಲಿ ಬರೆದಿಡತಕ್ಕದ್ದು.