ಶುಂಠಿ ಬೇರೋ, ಕಾಂಡವೋ?

ಮಣ್ಣಿನೊಳಗೆ ಇರುವುದೆಲ್ಲ ಬೇರು, ಮೇಲೆ ಕಾಣುವುದೆಲ್ಲ ಕಾಂಡ ಎಂದು ತಿಳಿದವರು ಬಹಳ. ಪರೀಕ್ಷೆಯಲ್ಲಿ ‘ಶುಂಠಿ ಸಸ್ಯದ ಯಾವ ಭಾಗ?’ ಎಂದು ಕೇಳಿದರೆ ‘ಬೇರು’ ಎಂದು ಬರೆದು ಅಂಕ ಕಳೆದುಕೊಳ್ಳುವುದು ಇದರಿಂದಲೇ.

ಸರಿಯುತ್ತರ ಅಡುಗೆಮನೆಯಲ್ಲೇ ಇದೆ. ಹಸಿ ಶುಂಠಿಯೊಂದನ್ನು ತೊಳೆದು ನೋಡಿ. ಮೈಮೇಲೆ ಉಂಗುರದಂಥ ಗೆರೆಗಳಿವೆ. ಅವೇ ಗೆಣ್ಣುಗಳು. ಅಲ್ಲಿ ಅಂಟಿಕೊಂಡಿರುವ ತೆಳುವಾದ ಕಂದು ಹೊಟ್ಟು ಎಲೆಯ ಮಾರ್ಪಾಡು. ಬೆರಳಿನಂಥ ಕವಲುಗಳ ತುದಿಯಲ್ಲಿ ಮೊಗ್ಗುಗಳಿವೆ. ಗೆಣ್ಣು ಮತ್ತು ಎಲೆ ಕಾಂಡದ ಗುರುತುಗಳು; ಬೇರಿಗೆ ಅವಿಲ್ಲ. ಕಬ್ಬಿನ ಜಲ್ಲೆಯಲ್ಲಿರುವುದೂ ಇದೇ ರಚನೆ. ಕಬ್ಬು ನೆಟ್ಟಗೆ ಮೇಲೇಳುತ್ತದೆ. ಶುಂಠಿ, ಅರಿಸಿನಗಳ ಕಾಂಡ ಮಣ್ಣಿನೊಳಗೆ ಅಡ್ಡಲಾಗಿ ಬೆಳೆದು ಆಹಾರ ಕೂಡಿಡುತ್ತದೆ. ಇದೇ ಗುಪ್ತಕಾಂಡ ಅಥವಾ ರೈಜೋಮ್. ಅದರಿಂದ ಹೊರಡುವ ದಾರದಂಥ ಎಳೆಗಳು ಮಾತ್ರ ಬೇರುಗಳು. ಸಿಹಿಗೆಣಸಿನಲ್ಲಿ ಗೆಣ್ಣೂ ಇಲ್ಲ, ಹೊಟ್ಟಿನಂಥ ಎಲೆಯೂ ಇಲ್ಲ. ಅದು ನಿಜವಾಗಿಯೂ ಬೇರು.

ಇನ್ನೊಂದು ಸೋಜಿಗವಿದೆ. ಶುಂಠಿ ಗಿಡದಲ್ಲಿ ನೆಲದ ಮೇಲೆ ನಿಂತ ಹಸಿರು ‘ಕಾಂಡ’ವು ಎಲೆಗಳ ಬುಡ ಒಂದರೊಳಗೊಂದು ಸುತ್ತಿಕೊಂಡು ಆದದ್ದು. ಅದು ಹುಸಿಕಾಂಡ!

ಈ ವ್ಯತ್ಯಾಸ ರೈತನಿಗೆ ಹೊಟ್ಟೆಪಾಡಿನ ವಿಷಯ. ಶುಂಠಿಯನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ. ಕೊಡಗು, ಹಾಸನ, ಶಿವಮೊಗ್ಗದ ಬೆಳೆಗಾರರು ನೆಡುವುದು ಗುಪ್ತಕಾಂಡದ ತುಂಡುಗಳನ್ನು. ಸಾಮಾನ್ಯವಾಗಿ ಒಂದು ತುಂಡು 20ರಿಂದ 25 ಗ್ರಾಂ ತೂಗುತ್ತದೆ; ಅದರಲ್ಲಿ ಒಂದೆರಡು ಮೊಗ್ಗು ಇರಲೇಬೇಕು. ತಾಯಿಗಿಡಕ್ಕೆ ಗೆಡ್ಡೆ ಕೊಳೆಯುವ ರೋಗ ತಗುಲಿದ್ದರೆ ತುಂಡಿನೊಡನೆ ಅದೂ ಹೊಸ ಹೊಲಕ್ಕೆ ಬರುತ್ತದೆ. ಬಿತ್ತನೆ ಗೆಡ್ಡೆ ಆರಿಸುವಾಗ ಎಚ್ಚರ ತಪ್ಪಿದರೆ ಬೆಳೆ ಹೋಗಿ ಸಾಲ ಮಾತ್ರ ಉಳಿದೀತು.

ಗರಿಕೆಯ ಹಟಕ್ಕೂ ಗುಪ್ತಕಾಂಡವೇ ಕಾರಣ. ಉತ್ತು ತುಂಡರಿಸಿದರೆ ಅದು ಸಾಯುವುದಿಲ್ಲ. ಗೆಣ್ಣಿರುವ ತುಂಡುಗಳು ಮತ್ತೆ ಚಿಗುರುತ್ತವೆ. ಉತ್ತ ಮೇಲೆ ಅವನ್ನು ಆಯ್ದು ಬಿಸಿಲಿಗೆ ಹಾಕಿ ಒಣಗಿಸುವುದು ಇದಕ್ಕಾಗಿಯೇ.

ಪಾಲಕರು ಮಕ್ಕಳಿಂದ ಒಂದು ಪ್ರಯೋಗ ಮಾಡಿಸಬಹುದು. ಒಂದು ಕುಂಡದಲ್ಲಿ ಮೊಗ್ಗಿರುವ ಶುಂಠಿಯ ತುಂಡನ್ನೂ ಇನ್ನೊಂದರಲ್ಲಿ ಮೊಗ್ಗುಗಳನ್ನೆಲ್ಲ ಕೆತ್ತಿ ತೆಗೆದ ತುಂಡನ್ನೂ ನೆಡಿ. ಹದವಾಗಿ ನೀರು ಹಾಕುತ್ತಾ ಕೆಲವು ವಾರ ಕಾಯಿರಿ. ಯಾವುದು ಚಿಗುರಿತು, ಏಕೆ ಎಂದು ಮಕ್ಕಳೇ ಹೇಳಲಿ. ಹೀಗೆ ಕಣ್ಣಾರೆ ಕಂಡ ಪಾಠವನ್ನು ಉರು ಹೊಡೆಯಬೇಕಾಗಿಲ್ಲ.