ಗಡಿ ದಾಟುವ ಚಾಲಕನೂ ಬದಲಾಗುವ ಕಾಯಿದೆಯೂ

ಮಂಜೇಶ್ವರದಿಂದ ಹೊರಟ ಸ್ಕೂಟರು ಅರ್ಧ ಗಂಟೆಯೊಳಗೆ ತಲಪಾಡಿಯನ್ನು ದಾಟಿ ಕರ್ನಾಟಕವನ್ನು ಸೇರುತ್ತದೆ. ಆಸ್ಪತ್ರೆಗೆ, ಕಾಲೇಜಿಗೆ, ವ್ಯಾಪಾರಕ್ಕೆ ಮಂಗಳೂರನ್ನು ಆಶ್ರಯಿಸಿರುವ ನಮ್ಮ ಜನರಿಗೆ ಇದು ನಿತ್ಯದ ದಾರಿ. ರಸ್ತೆ ಒಂದೇ, ವಾಹನ ಒಂದೇ, ಸವಾರನೂ ಒಬ್ಬನೇ. ಆದರೆ ಗಡಿಯ ಈಚೆಗೂ ಆಚೆಗೂ ಆತನು ಎರಡು ಸರಕಾರಗಳ ಆಜ್ಞೆಗೆ ಒಳಪಟ್ಟವನು. ಆ ಆಜ್ಞೆಗಳು ಬದಲಾದಾಗ ಆತನಿಗೆ ತಿಳಿಸುವವರು ಯಾರು? ಈ ಪ್ರಶ್ನೆಯನ್ನು ಗಡಿನಾಡಿನ ಮಹಾಜನರ ಮುಂದಿಡಬಯಸುತ್ತೇವೆ.

1988ರ ಮೋಟಾರು ವಾಹನಗಳ ಕಾಯಿದೆ ಇಡೀ ದೇಶಕ್ಕೆ ಒಂದೇ. ಹಾಗಿದ್ದೂ ರಾಜ್ಯಗಳಲ್ಲಿ ದಂಡದ ಭೇದವೇಕೆಂದು ಕೇಳಬಹುದು. ಕೆಲವು ತಪ್ಪುಗಳನ್ನು ನ್ಯಾಯಾಲಯಕ್ಕೆ ಹೋಗದೆ ಹಣ ಕಟ್ಟಿ ಮುಗಿಸಿಕೊಳ್ಳಲು ಕಾಯಿದೆಯ 200ನೆಯ ಕಲಮು ಅವಕಾಶವಿತ್ತಿದೆ. ಹಣವೆಷ್ಟೆಂಬುದನ್ನು ರಾಜ್ಯ ಸರಕಾರದ ಪ್ರಕಟನೆಗೆ ಬಿಟ್ಟಿದೆ. 2019ರ ಸಪ್ಟಂಬರ 1ರಂದು ತಿದ್ದುಪಡಿ ಜಾರಿಗೆ ಬಂದಾಗ ಹೆಲ್ಮೆಟ್ಟಿಲ್ಲದ ಸವಾರಿಗೆ 1000 ರೂಪಾಯಿ ದಂಡವಾಯಿತು. ಅದೇ ತಿಂಗಳಲ್ಲಿ ಕರ್ನಾಟಕವೂ ಅಕ್ಟೋಬರದಲ್ಲಿ ಕೇರಳವೂ ಅದನ್ನು 500ಕ್ಕೆ ಇಳಿಸಿದವು. ತಮಿಳುನಾಡು 2022ರ ಅಕ್ಟೋಬರದಲ್ಲಿ ಹೊಸ ದರಗಳನ್ನು ತಂದಾಗ 1000 ರೂಪಾಯಿಯನ್ನೇ ವಿಧಿಸಿತು. ತಾಳವಾಡಿಯಿಂದ ಚಾಮರಾಜನಗರದ ಸಂತೆಗೆ ಹೋಗಿಬರುವ ರೈತನು ಇದನ್ನೆಲ್ಲ ಎಲ್ಲಿ ಓದಿ ತಿಳಿಯಬೇಕು?

ದರ ಮಾತ್ರವಲ್ಲ, ತಪ್ಪು ಹಿಡಿಯುವ ರೀತಿಯೂ ಬದಲಾಗಿದೆ. ಹಿಂದೆ ಪೋಲೀಸಿನವನು ಕೈಯಡ್ಡ ಹಿಡಿದು, ತಪ್ಪೇನೆಂದು ಬಾಯಿಮಾತಿನಲ್ಲಿ ಹೇಳುತ್ತಿದ್ದನು. ಕೇರಳದಲ್ಲಿ 2023ರ ಜೂನ್ 5ರಿಂದ ರಸ್ತೆಬದಿಯ ಹೊಸ ಕೆಮರಾಗಳ ಚಿತ್ರದ ಆಧಾರದಲ್ಲಿ ದಂಡ ವಿಧಿಸಲಾಗುತ್ತಿದೆ. ನೋಂದಣಿಯಲ್ಲಿ ಹಳೆಯ ಮೊಬೈಲು ನಂಬರು ಉಳಿದಿದ್ದರೆ ಅದರ ಸಂದೇಶ ವಾಹನದ ಒಡೆಯನನ್ನು ತಲಪುವುದೇ ಇಲ್ಲ. ತಲಪಿದರೂ ಅರ್ಥವಾಗದ ಭಾಷೆಯಲ್ಲಿದ್ದರೆ ಪ್ರಯೋಜನವೇನು?

ಇದಕ್ಕಿಂತ ಗುರುತರವಾದುದು ಇನ್ನೊಂದಿದೆ. ಹೈಸ್ಕೂಲಿನ ಹುಡುಗನ ಕೈಗೆ ಸ್ಕೂಟರಿನ ಕೀಲಿಕೈ ಕೊಡುವುದು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. 2019ರ ತಿದ್ದುಪಡಿಯ 199ಎ ಕಲಮಿನಂತೆ, ಲೈಸೆನ್ಸಿಗೆ ಪ್ರಾಯ ತುಂಬದವನು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕನೋ ವಾಹನದ ಒಡೆಯನೋ ಹೊಣೆಗಾರನು. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಇದನ್ನರಿಯದ ತಂದೆಯೊಬ್ಬನು ಪ್ರೀತಿಯಿಂದ ಕೊಟ್ಟ ಕೀಲಿಕೈ ಮನೆಯನ್ನೇ ಸಂಕಟಕ್ಕೆ ನೂಕಬಲ್ಲುದು.

ಕಾಯಿದೆ ತಿಳಿಯದೆಂಬುದು ಕ್ಷಮೆಗೆ ಕಾರಣವಾಗದು. ಇದನ್ನು ನಾವು ಒಪ್ಪುತ್ತೇವೆ. ಆದರೆ ದಂಡಿಸುವ ಸರಕಾರಕ್ಕೆ ತಿಳಿಸುವ ಹೊಣೆಯೂ ಉಂಟು. 1969ರ ಕೇರಳದ ಅಧಿಕೃತ ಭಾಷಾ ಶಾಸನವು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸಿ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ನೀಡಿದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲನ್ನು ಸಲ್ಲಿಸಬಹುದೆಂದು ಸಂವಿಧಾನದ 350ನೆಯ ಅನುಚ್ಛೇದವೂ ಸಾರುತ್ತದೆ. ಬದಲಾದ ನಿಯಮಗಳನ್ನು ಕಾಸರಗೋಡು, ಮಂಜೇಶ್ವರಗಳ ಕನ್ನಡ ಪ್ರದೇಶಗಳಲ್ಲಿ ಕನ್ನಡದಲ್ಲಿಯೂ ಪ್ರಕಟಿಸಬೇಕು, ಗಡಿಯಲ್ಲಿ ಫಲಕವಾಗಿ ನಿಲ್ಲಿಸಬೇಕು ಎಂದು ನಾವು ಬೇಡುವುದು ದಯೆಯನ್ನಲ್ಲ, ಶಾಸನಕ್ಕೆ ಒಪ್ಪುವ ನ್ಯಾಯವನ್ನು. ಈ ಬೇಡಿಕೆಯನ್ನು ಕನ್ನಡದಲ್ಲಿಯೇ ಬರೆದು ಕಳುಹಿಸೋಣ.

ಅಲ್ಲಿಯವರೆಗೆ ಕೈಕಟ್ಟಿ ಕುಳಿತಿರುವುದು ತಕ್ಕುದಲ್ಲ. ಪ್ರತಿ ಊರಿನ ವಾಚನಾಲಯದಲ್ಲಿ ಒಂದು ಕರಿಹಲಗೆ ಇರಲಿ. ಓದುಬರಹ ಬಲ್ಲ ಯುವಕನೊಬ್ಬನು ತಿಂಗಳಿಗೊಮ್ಮೆ ಎರಡೂ ರಾಜ್ಯಗಳ ಸಾರಿಗೆ ಇಲಾಖೆಗಳ ಪ್ರಕಟನೆಗಳನ್ನು ನೋಡಿ, ಸಾರವನ್ನು ಅದರಲ್ಲಿ ಬರೆಯಲಿ. ಮೊಬೈಲಿನಲ್ಲಿ ಕೈಯಿಂದ ಕೈಗೆ ಹರಿದುಬರುವ ಗಾಳಿಮಾತನ್ನು ಯಾರೂ ಕಾಯಿದೆಯೆಂದು ನಂಬದಿರಲಿ. ಲೈಸೆನ್ಸು, ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪತ್ರ ಇವುಗಳ ಅವಧಿಯನ್ನು ಮನೆಮನೆಯಲ್ಲಿ ಗುರುತಿಸಿಡಲಿ. ನೋಂದಣಿಯಲ್ಲಿರುವ ಮೊಬೈಲು ನಂಬರನ್ನು ಇಂದೇ ಸರಿಪಡಿಸಿಕೊಳ್ಳಲಿ.

ದಂಡದ ದರ ಎರಡು ರಾಜ್ಯಗಳಲ್ಲಿ ಎರಡಾಗಬಹುದು. ರಸ್ತೆಗೆ ಬಡಿದ ತಲೆಗೆ ಆಗುವ ಪೆಟ್ಟು ಎರಡೂ ಕಡೆ ಒಂದೇ. ಆದುದರಿಂದ ನಿಯಮವನ್ನು ನಾವು ಪಾಲಿಸೋಣ. ಅದನ್ನು ನಮ್ಮ ನುಡಿಯಲ್ಲಿ ತಿಳಿಸುವ ಕರ್ತವ್ಯವನ್ನು ಸರಕಾರಗಳು ಪಾಲಿಸಲಿ.